ಹುಣಸೆಹಣ್ಣಿನಲ್ಲಿ ತಿಕ್ಕಿದ ತಾಮ್ರದ ಚೂರು

1946ರ ನವೆಂಬರ್ 12. ಕೊಪ್ಪಳ ಠಾಣೆಯ ಹಿತ್ತಲಲ್ಲಿ ಪೊಲೀಸ್ ಅಮೀನ್ ಗ್ಯಾನಪ್ಪನವರು ಅರ್ಧ ಗಡ್ಡ ಕೆರೆದಿದ್ದರು. ಅಷ್ಟರಲ್ಲಿ ಭಾಗ್ಯನಗರದ ಹಂಪಣ್ಣ ಸಾವುಕಾರ ಏದುಸಿರು ಬಿಡುತ್ತ ಬಂದ. ಹಿತ್ತಾಳೆ ಪಾತ್ರೆಗಳಿಗೆ ಕರೆಂಟಿನಿಂದ ನಿಕ್ಕಲ್ ಲೇಪಿಸುವ ಅವನ ಕಾರ್ಖಾನೆಯಲ್ಲಿ ಹಿಂದಿನ ದಿನ ಬೆಂಕಿ ಬಿದ್ದಿತ್ತು. ಲೇಪದ ತೊಟ್ಟಿ ನೋಡಿಕೊಳ್ಳುವ ಯಂಕೋಬನ ಎರಡೂ ಕೈ ಸುಟ್ಟಿದ್ದವು.

"ಕರೆಂಟ್ ಅಳಿಯೋ ಮೀಟರಿನ ಮುಳ್ಳು ಕೆಂಪು ಗೆರಿ ದಾಟೇ ಇಲ್ರಿ. ಯಾರೋ ಕಿತಾಪತಿ ಮಾಡ್ಯಾರ."

ಅಮೀನರು ಸೋಪು ಒರೆಸಿಕೊಂಡು FIR ಬರೆಸಿದರು.

"ಇನ್ನರ್ಧ ಗಡ್ಡ?" ಎಂದ ಜವಾನ ಜಿಲಾನಿ.

"ಅದು ಫರಾರಿ ಆಗಂಗಿಲ್ಲ, ನಡಿ."

ಕಾರ್ಖಾನೆಯಲ್ಲಿ ತೊಟ್ಟಿಯ ಮರದ ಚೌಕಟ್ಟು ಕರಕಲಾಗಿತ್ತು.

"ಕರೆಂಟ್ ಏರಿಸೋ ಚಕ್ರ ಯಾರು ತಿರುವ್ತಾರ?"

"ನಾನ ರೀ. ಮುಳ್ಳು ಗೆರಿಗೆ ಬರೂತನ," ಎಂದ ಸಾವುಕಾರ.

"ತೊಟ್ಟಿ ಕುದ್ದದ್ದು ಕಾಣಲಿಲ್ಲೇನು?"

"ನಾ ಮುಳ್ಳು ನೋಡ್ತೀನ್ರಿ. ತೊಟ್ಟಿ ಯಂಕೋಬ ನೋಡ್ತಾನ."

ಅಮೀನರು ಹೇಳಿಕಳಿಸಿದ ಮೇಲೆ ಮಧ್ಯಾಹ್ನ ಮುನಿರಾಬಾದಿನ ಅಣೆಕಟ್ಟೆ ಕೆಲಸದಿಂದ ಕರೆಂಟ್ ಮೇಸ್ತ್ರಿ ಓಬಳೆಪ್ಪ ಬಂದ. ದಪ್ಪ ತಾಮ್ರದ ಕಂಬಿಯ ನಡುವೆ ಕೂರಿಸಿದ್ದ ಮಾಸಲು ಪಟ್ಟಿಯೊಂದನ್ನು ತೋರಿಸಿದ.

"ಇದು ಷಂಟ್ ರೀ. ಒತ್ತಡ ಕಮ್ಮಿ, ಮುಟ್ಟಿದ್ರ ಹೊಡಿಯಂಗಿಲ್ಲ. ಹರಿಯೂದು ಮಾತ್ರ ಭಾಳ. ಅಷ್ಟೂ ಮೀಟರಿಗೆ ಬಿಟ್ರ ಮೀಟರ ಸುಡತೈತಿ. ಅದಕ್ಕ ಹೊಳಿ ಎಲ್ಲಾ ಈ ಪಟ್ಟಿ ಮ್ಯಾಲ ಹರೀತೈತಿ. ಪಟ್ಟಿ ಎರಡೂ ತುದಿ ನಡುವಿನ ಒತ್ತಡ ನೋಡಿ ಮೀಟರ್ ಲೆಕ್ಕ ಹೇಳತೈತಿ."

ಅದೇ ಕಂಬಿಗೆ ತಾನು ತಂದ ಷಂಟನ್ನೂ ಮೀಟರನ್ನೂ ಸೇರಿಸಿ ಸಣ್ಣಗೆ ಕರೆಂಟ್ ಬಿಟ್ಟ. ಕಾರ್ಖಾನೆಯ ಮುಳ್ಳು ಐವತ್ತಕ್ಕೆ ನಿಂತಿತು, ಅವನದು ನೂರಕ್ಕೆ. ಹಳೆಯ ಷಂಟಿನ ಅಡಿಯಲ್ಲಿ ಯಾರೋ ಒಡೆದ ತಾಮ್ರದ ಕೊಡದ ಚೂರನ್ನು ಸಿಕ್ಕಿಸಿ ನಟ್ಟು ಬಿಗಿದಿದ್ದರು. ಅರ್ಧ ಕರೆಂಟು ಆ ತಾಮ್ರದ ಮೇಲೆ, ಲೆಕ್ಕಕ್ಕೆ ಸಿಗದೆ ಹರಿದಿತ್ತು.

ಪಂಚನಾಮೆಯ ಹೊತ್ತಿಗೆ ಜಿಲಾನಿ ಚೂರನ್ನು ಮೂಸಿದ. ಸುತ್ತಲೆಲ್ಲ ಕರೆಂಟ್ ಹುಟ್ಟಿಸುವ ಎಂಜಿನ್ನಿನ ಮಸಿ. ಚೂರಿನ ತುದಿಗಳು ಮಾತ್ರ ಫಳಫಳ.

"ಹುಣಸಿಹಣ್ಣು, ಸಾಹೇಬ್ರ."

ಕಾರ್ಖಾನೆಯಲ್ಲಿ ಲೇಪಕ್ಕೆ ಮೊದಲು ಹುಣಸೆಹಣ್ಣು ಹಚ್ಚಿ ಪಾತ್ರೆ ತಿಕ್ಕುವವಳು ಒಬ್ಬಳೇ: ಯಂಕೋಬನ ಹೆಂಡತಿ ದುರುಗವ್ವ.

ಅವರು ಮನೆಗೆ ಹೋದಾಗ ಅವಳು ಗಂಡನಿಗೆ ರೊಟ್ಟಿ ಮುರಿದು ಉಣಿಸುತ್ತಿದ್ದಳು. ಮಗಳು ಕರಿಯವ್ವ ಗೋಡೆಗೆ ಒರಗಿ ಕೂತಿದ್ದಳು.

"ಈ ಚೂರು ನಿಂದೇನು?"

"ಹೌದ್ರಿ."

"ತಿಕ್ಕಿದ್ದ್ಯಾಕ?"

"ತಿಕ್ಕಲಾರದ ತಾಮ್ರ ಕರೆಂಟ್ ಹಿಡಿಯಂಗಿಲ್ಲಲ್ರಿ."

"ಇಟ್ಟದ್ದ್ಯಾಕ?"

"ಒಮ್ಮೆ ಆ ಪಟ್ಟಿ ಮ್ಯಾಲ ತಂತಿ ಬಿದ್ದಾಗ ಮುಳ್ಳು ಇಳದಿತ್ರಿ. ಮುಳ್ಳು ಇಳದ್ರ ತೊಟ್ಟಿ ಹೊಗಿನೂ ಇಳೀತೈತಿ ಅನಕೊಂಡ್ನಿ. ಇವ್ರ ಕೆಮ್ಮು ನೋಡಾಕ ಆಗ್ತಿರಲಿಲ್ರಿ."

ಯಂಕೋಬ ತಲೆ ತಗ್ಗಿಸಿದ. "ಹುಚ್ಚಿ," ಎಂದ.

ಗಂಡನ ಎದೆಗೆ ಹೊಗೆ ಹೋಗದಿರಲೆಂದು ಅವಳು ಮುಳ್ಳನ್ನು ಇಳಿಸಿದ್ದಳು. ಇಳಿದ ಮುಳ್ಳನ್ನು ಸಾವುಕಾರ ಮತ್ತೆ ಗೆರೆಗೆ ಏರಿಸಿದ್ದ. ಹರಿವು ಎರಡು ಪಟ್ಟಾಗಿ ಕಂಬಿ ಕಾದು, ತೊಟ್ಟಿಯ ಚೌಕಟ್ಟಿಗೆ ಬೆಂಕಿ ಹತ್ತಿ, ಅದೇ ಗಂಡನ ಕೈ ಬೆಂದಿದ್ದವು.

ಕಾಯ್ದೆಯಲ್ಲಿ ಕೆಮ್ಮಿಗೆ ಕಲಮು ಇರಲಿಲ್ಲ. ರೊಟ್ಟಿ ಮುಗಿಯುವವರೆಗೆ ಅಮೀನರು ಹೊಸ್ತಿಲಲ್ಲಿ ಕೂತರು. ದುರುಗವ್ವ ಗಂಡನ ಬಾಯಿ ಒರೆಸಿ, ಸೆರಗು ಸರಿಮಾಡಿಕೊಂಡು ಎದ್ದಳು.

"ಬೇಡಿ ಬ್ಯಾಡ," ಎಂದರು ಅಮೀನರು ಜಿಲಾನಿಗೆ.

ಕರಿಯವ್ವ ಎದ್ದು ಅವರ ದಾರಿಗೆ ಅಡ್ಡ ನಿಂತಳು.

"ಸಾಹೇಬ್ರ, ಚಕ್ರ ತಿರುವಿದವ್ರು ಸಾವುಕಾರ್ರು. ಅವ್ರನ್ನ ಯಾಕ ಹಿಡೀಲಿಲ್ಲ?"