ಹಲ್ವರನ ಸೌದೆ ಒಟ್ಟಿಲು

ಹಲ್ವರನ ಸೌದೆ ಒಟ್ಟಿಲು ಮತ್ತೆ ಮಗುಚಿಕೊಂಡಿತ್ತು. ಬೇಲಿಯಾಚೆ ನಿಂತ ಪಕ್ಕದ ಮನೆಯ ಸಿಗ್ನೆಗೆ ಮೈ ಉರಿಯಿತು. ಬರ್ಚ್ ಮರ ಕಡಿದು ಸೀಳುವುದರಲ್ಲಿ ಅವನ ಕೊಡಲಿಗೆ ಎದುರಿಲ್ಲ. ಒಟ್ಟಲು ಹೋದರೆ ಮಾತ್ರ ಕೋತಿ ಕಟ್ಟಿದ ಗೋಡೆ.

ಬೇಸಿಗೆ ಮುಗಿಯುತ್ತ ಬಂದಿತ್ತು. ಹಿಮ ಬೀಳುವ ಮೊದಲು ಸೌದೆ ಒಣಗದಿದ್ದರೆ ನಾರ್ವೆಯ ಆ ಕಣಿವೆಯಲ್ಲಿ ಚಳಿಗಾಲ ಕಳೆಯುವುದು ಆಗದ ಮಾತು. ಅವನು ಮನೆಗೆ ಬೀಗ ಜಡಿದು ಪಟ್ಟಣ ಸೇರಿಬಿಟ್ಟರೆ? ಬೇಲಿಗೆ ಮೊಣಕೈಯೂರಿ, ಕಾಫಿ ಹೀರುತ್ತ ಅವಳನ್ನು ನಗಿಸುವವರಾರು? ಹಾಗೆಂದು ತನಗೇ ಒಪ್ಪಿಕೊಳ್ಳದ ಸಿಗ್ನೆ, ಅವನು ಬಸ್ ಓಡಿಸಲು ಹೋದದ್ದೇ ತಡ, ಬೇಲಿ ದಾಟಿದಳು. ತೊಗಟೆ ಮೇಲಾಗಿ, ನಡುವೆ ಗಾಳಿಯಾಡುವಂತೆ ಎಲ್ಲವನ್ನೂ ಹೊಸದಾಗಿ ಒಟ್ಟಿ ಬಂದಳು.

ಭಾನುವಾರ ಚರ್ಚು ಬಿಟ್ಟ ಮೇಲೆ ಅರ್ಧ ಊರೇ ಆ ಒಟ್ಟಿಲ ಮುಂದೆ ನಿಂತಿತ್ತು. ಸೌದೆ ನೋಡಿ ಗಂಡಿನ ಗುಣ ಅಳೆಯುವ ಊರದು. ಹೆಣ್ಣು ಒಟ್ಟಿದ ಸೌದೆಯನ್ನು ಯಾರು ಅಳೆಯುತ್ತಾರೆ? ಅದಿರುವುದು ಬರೀ ಉರಿಯಲಿಕ್ಕೆ! ಅಪ್ಪ ತೀರಿಕೊಂಡಾಗಿನಿಂದ ಸಿಗ್ನೆ ಒಬ್ಬಳೇ ಕಡಿದು, ಸೀಳಿ, ಒಟ್ಟಿದ ಗೋಡೆ ಪಕ್ಕದಲ್ಲೇ ಇತ್ತು. ಅತ್ತ ಒಂದು ಕತ್ತೂ ಹೊರಳಲಿಲ್ಲ.

“ಎಷ್ಟು ನೆಟ್ಟಗಿದೆ! ಕಣ್ಮುಚ್ಚಿ ಹೆಣ್ಣು ಕೊಡಬಹುದು ಕಣ್ರೀ,” ಎಂದರು ಗುನ್ವೋರಮ್ಮ. ಪಕ್ಕದಲ್ಲಿ ಮದುವೆ ವಯಸ್ಸಿಗೆ ಬಂದ ಮಗಳು; ಮಗಳ ಕೈಯಲ್ಲಿ ಹಲ್ವರನಿಗೆಂದು ತಂದ ಬಿಸಿ ವಾಫಲ್ ದೋಸೆ.

ಬೇಲಿಯಾಚೆ ಸಿಗ್ನೆ ಹಲ್ಲು ಕಡಿದಳು. ದುಡಿಮೆ ನನ್ನದು, ವಾಫಲ್ ಇವನಿಗೆ!

ಹಲ್ವರ್ ಬೇಲಿಯತ್ತ ತಿರುಗಿ ಅವಳ ಅಂಗೈ ತುಂಬ ಎದ್ದಿದ್ದ ಗೀರುಗಳನ್ನು ನೋಡಿದ. ಅವನ ಕಿವಿ ಕೆಂಪಾದವು.

“ಗುನ್ವೋರಮ್ಮ, ಇದು ನಾನು ಒಟ್ಟಿದ್ದಲ್ಲ. ನಾನು ಒಟ್ಟಿದ್ರೆ ಹಿಂಗಿರುತ್ತೆ,” ಎಂದವನೇ ಬುಡದ ತುಂಡಿಗೆ ಒದ್ದ. ಒಟ್ಟಿಲು ಧಡಧಡನೆ ಕುಸಿಯಿತು. ಮಗಳು ವಾಫಲ್ ಸಮೇತ ಹಿಂದಕ್ಕೆ ಹಾರಿದಳು. “ಒಟ್ಟಿದವಳು ಅಗೋ, ಅಲ್ಲಿದ್ದಾಳೆ. ಗುಣ ಅಳೆಯೋದಾದ್ರೆ ಅವಳದ್ದು ಅಳೀರಿ.”

ಜನ ಚದುರಿದ ಮೇಲೆ ಸಿಗ್ನೆ ಅವನ ಮೇಲೆ ಹರಿಹಾಯ್ದಳು. “ಮುಟ್ಠಾಳ! ನಿಜ ಹೇಳೋಕೆ ಬಾಯಿ ಸಾಲ್ತಿರ್ಲಿಲ್ವಾ? ಕಾಲೂ ಬೇಕಿತ್ತಾ?”

“ನಾನೇ ಮತ್ತೆ ಒಟ್ತೀನಿ.” ಅವನ ಕಣ್ಣು ಅವಳ ಕೂದಲಿಗಂಟಿದ ತೊಗಟೆ ಚೂರಿನ ಮೇಲೆ ನೆಟ್ಟಿತ್ತು. “ಮೊದಲ ಹಿಮದವರೆಗೂ ನಿಂತ್ರೆ ನನ್ನ ಮದುವೆ ಆಗ್ತೀಯಾ?”

“ನಿನ್ನ ಒಟ್ಟಿಲು? ಹಿಮದವರೆಗೆ?” ಅವಳು ಹೊಟ್ಟೆ ಹಿಡಿದು ನಕ್ಕಳು. “ಆಯ್ತು. ಆದ್ರೆ ಬಿತ್ತೋ, ಇನ್ನು ಈ ಮಾತು ಎತ್ತಬಾರ್ದು.”

ನಕ್ಕವಳಿಗೆ ಆಮೇಲೆ ನೆಮ್ಮದಿಯಿಲ್ಲ. ಹಲ್ವರ್ ಮತ್ತೆ ಒಟ್ಟಿದ್ದು ದಿನದಿನಕ್ಕೆ ವಾಲುತ್ತಿತ್ತು. ಗಾಳಿ ಬೀಸಿದರೆ ಕಿಟಕಿಗೆ ಓಡುವಳು. ಅದರ ಮೇಲೆ ಕಾಗೆ ಕೂತರೂ ಚಪ್ಪಾಳೆ ತಟ್ಟಿ ಓಡಿಸುವಳು, ಅದರ ಭಾರಕ್ಕೇ ಎಲ್ಲಿ ಬಿದ್ದೀತೋ ಎಂದು.

ಹಿಮ ಬಿದ್ದ ಬೆಳಿಗ್ಗೆ ಒಟ್ಟಿಲು ಸೊಟ್ಟಗೆ, ಆದರೆ ನಿಂತೇ ಇತ್ತು. ಹಲ್ವರ್ ನಂಬಲಾರದೆ ಅದನ್ನೊಂದು ಸುತ್ತು ಬಂದ. ಹಿಂಬದಿಯಲ್ಲಿ ಹಿಮದ ಮೇಲೆ ಜಾರುವ ಕೆಂಪು ಬಣ್ಣದ ಸ್ಕೀ ಹಲಗೆಯೊಂದು ಅದಕ್ಕೆ ಆಸರೆಯಾಗಿ ನಿಂತಿತ್ತು.

“ಸಿಗ್ನೆ, ಈ ಹಲಗೆ ಯಾರದ್ದು?”

“ಯಾವ ಹಲಗೆ?” ಎನ್ನುತ್ತ ಅವಳು ಬೇಲಿ ದಾಟಿ ಬಂದಳು. ಕಂಕುಳಲ್ಲಿ ಇನ್ನೊಂದು ಕೆಂಪು ಹಲಗೆಯಿತ್ತು. “ಸುಮ್ನೆ ನಿಂತು ಹಲ್ಲು ಬಿಡಬೇಡ. ಇದನ್ನ ಆ ಕಡೆ ಆನಿಸಿಡು, ಬೀಳೋ ಹಾಗಿದೆ.”