ವಾರ್ಡಿನ ಆ ತುದಿಯವರೆಗೆ

“ಅಪ್ಪಾ, ಏಳ್ರಿ! ಯಾಕ ಕುಂತ್ರಿ?”

ಕುಂದಾ ಪಾಟಿಚೀಲ ಎಸೆದು ಓಡಿಬಂದಳು. ಸಾಂಗ್ಲಿ ಪೇಟೆಯ ತಮ್ಮ ಅಂಗಡಿಯಲ್ಲಿ ಅರಿಶಿನದ ಚೀಲ ಎತ್ತಲು ಹೋದ ಅಪ್ಪ ಗುರುಸಿದ್ಧಪ್ಪ ನೆಲಕ್ಕೆ ಕುಸಿದಿದ್ದ. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಇಳಿಯುತ್ತಿತ್ತು. ಕೈ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿತ್ತು. ಅಲ್ಲಿ ಧೋತರದೊಳಗೆ ಗಂಟೊಂದು ಉಬ್ಬಿದ್ದು ಕುಂದಾಳಿಗೆ ಕಂಡಿತು.

“ಏನಾಗಿಲ್ಲ. ಮಲಗಿದ್ರ ಒಳಗ ಹೋಗತೈತಿ,” ಎಂದ ಅಪ್ಪ. “ಮನ್ಯಾಗ ಹೇಳಬ್ಯಾಡ. ಪ್ಯಾಟ್ಯಾಗ ಗೊತ್ತಾದ್ರ ಮಂದಿ ನಗತಾರ.”

ಕುಂದಾ ತಲೆಯಾಡಿಸಿದಳು. ಆದರೆ ಮನೆಗೆ ಬಂದಮೇಲೆ ರೊಟ್ಟಿ ಮುಟ್ಟದೆ ಕುಳಿತಳು. ಬಾಳವ್ವಜ್ಜಿ ತಲೆ ಸವರಿದ್ದೇ ತಡ, ಎಲ್ಲ ಹೇಳಿಬಿಟ್ಟಳು.

“ನಗೋರು ನಗಲಿ! ನನಗ ಮಗ ಬೇಕು,” ಎಂದು ಅಜ್ಜಿ ಮರುದಿನವೇ ಟಾಂಗಾ ತರಿಸಿದಳು.

ಟಾಂಗಾ ಸಾಂಗ್ಲಿ ಸಂಸ್ಥಾನ ದಾಟಿ ಮಿರಜ ಸಂಸ್ಥಾನ ಹೊಕ್ಕಿತು. ಅಷ್ಟು ದೂರವೂ ಅಪ್ಪ ಕುಂದಾಳತ್ತ ತಿರುಗಿ ನೋಡಲಿಲ್ಲ.

“ಇದು ಹರ್ನಿಯಾ,” ಎಂದರು ಮಿರಜದ ದವಾಖಾನೆಯ ಡಾಕ್ಟರು. “ಹೊಟ್ಟಿ ಗ್ವಾಡಿ ಸಡಿಲಾಗಿ ಕರಳು ಹೊರಗ ಬರಾಕತ್ತೈತಿ. ಆಪರೇಶನ್ ಮಾಡಿ ಹೊಲಿದುಬಿಡೋಣು.”

ಆಪರೇಶನ್‌ಗೆ ಒಯ್ಯುವಾಗ ಅಪ್ಪ ಕಣ್ಣು ಮುಚ್ಚಿಕೊಂಡೇ ಗದರಿದ: “ಈ ಹುಡುಗೀನ್ನ ಹೊರಗ ಕರಕೊಂಡ ಹೋಗ್ರಿ!”

ಕುಂದಾ ವರಾಂಡದ ಕಂಬ ತಬ್ಬಿ ಅತ್ತಳು. ಗುಟ್ಟು ಹೇಳಿಬಿಟ್ಟ ತನ್ನ ಜೊತೆ ಅಪ್ಪ ಇನ್ನು ಮಾತೇ ಆಡುವುದಿಲ್ಲ ಎಂದುಕೊಂಡಳು.

ಆಪರೇಶನ್ ಚೆನ್ನಾಗಿ ಆಯಿತು. ಆಮೇಲೆ ಬಹಳ ದಿನ ಅಪ್ಪ ಅಂಗಾತ ಮಲಗಿಯೇ ಇರಬೇಕಾಯಿತು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳುತ್ತಿದ್ದ. ಪಕ್ಕದ ಮಂಚದಲ್ಲಿ ಆರಗ ಊರಿನ ರೈತ ಜಿನಪ್ಪಜ್ಜ ಇದ್ದ. ಅವನಿಗೂ ಅದೇ ಆಪರೇಶನ್.

“ಸಾವಕಾರ್ರ, ನನಗ ಗೋಣಿಚೀಲ ಹೊಲಿಯೋ ದಬ್ಬಣದಿಂದ ಹೊಲದಾರೇನೋ! ಹಂಗ ಜಗ್ಗತೈತಿ!”

“ನಗಸಬ್ಯಾಡ್ರಿ ಕಾಕಾ, ಹೊಲಿಗಿ ಬಿಚ್ಚತಾವ!” ಎಂದು ಅಪ್ಪ ದಿಂಬು ಅವುಚಿಕೊಂಡು ನಗುತ್ತಿದ್ದ. ಕುಂದಾ ಬಂದರೆ ಮಾತ್ರ ಗೋಡೆಯತ್ತ ಮುಖ ತಿರುಗಿಸುತ್ತಿದ್ದ.

ಒಂದು ಬೆಳಿಗ್ಗೆ ನರ್ಸ್ ಅಪ್ಪನ ಬಳಿ ಬಂದು, “ಉಠಾ ಕಾಕಾ, ಏಳ್ರಿ! ಇವತ್ತ ನಡೀಬೇಕು,” ಎಂದಳು.

ಜಿನಪ್ಪಜ್ಜ ಹಿಂದಿನ ದಿನವೇ ನಡೆದಿದ್ದ. ಅಪ್ಪ ಮಾತ್ರ ಏಳಲಿಲ್ಲ. “ನಾಳೆ ನೋಡೋಣು. ಈಗ ಹೋಗ್ರಿ!” ಎಂದು ಗದರಿದ.

ಅದೇ ಗದರುವ ದನಿ. ಆದರೆ ಈ ಸಲ ಕುಂದಾ ಅವನ ಕೈ ನೋಡಿದಳು. ಬೆರಳುಗಳು ಮಂಚದ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿದ್ದವು. ಉಗುರೆಲ್ಲ ಬೆಳ್ಳಗಾಗಿತ್ತು.

ಅವಳು ಹತ್ತಿರ ಹೋಗಿ ನಿಂತಳು. “ನನ್ನ ಹೆಗಲ ಹಿಡೀರಿ ಅಪ್ಪಾ.”

ಅಪ್ಪ ಅವಳನ್ನೇ ನೋಡಿದ. ಮೆಲ್ಲಗೆ ಕಾಲು ಕೆಳಗಿಟ್ಟ. ನಿಂತ. ಒಂದು ಹೆಜ್ಜೆ. ಮತ್ತೊಂದು. ಬಾಗಿದ್ದ ಬೆನ್ನು ನಡೆಯುತ್ತ ನಡೆಯುತ್ತ ನೆಟ್ಟಗಾಯಿತು.

“ಶಾಬಾಸ್ ಸಾವಕಾರ್ರ!” ಜಿನಪ್ಪಜ್ಜ ಕೂಗಿದ. ವಾರ್ಡಿನ ಗಂಡಸರೆಲ್ಲ ಚಪ್ಪಾಳೆ ತಟ್ಟಿದರು.

ವಾರ್ಡಿನ ತುದಿಯ ಕಿಟಕಿ ಮುಟ್ಟಿ ಅಪ್ಪ ಗಟ್ಟಿಯಾಗಿ ನಕ್ಕ. “ಪ್ಯಾಟ್ಯಾಗ ಯಾರ ಕೇಳಿದ್ರೂ ಹೇಳ್ತೇನಿ, ಹರ್ನಿಯಾ ಆಪರೇಶನ್ ಆಗೇತಿ ಅಂತ! ನನ್ನ ಮಗಳೇ ಇಲ್ಲೀತನಕ ಕರಕೊಂಡ ಬಂದಾಳ!”

ಕುಂದಾಳ ಹೆಗಲನ್ನು ಅವನ ಬೆರಳುಗಳು ಇನ್ನೂ ಬಿಗಿಯಾಗಿ ಹಿಡಿದಿದ್ದವು, ಅಂಗೈ ಬೆವರಿನಿಂದ ಒದ್ದೆಯಾಗಿತ್ತು. ಅಪ್ಪನಿಗೆ ಇಷ್ಟು ದಿನ ಇದ್ದದ್ದು ಸಿಟ್ಟಲ್ಲ, ಅಂಜಿಕೆ.

ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು, “ಇನ್ನೊಂದ ಸುತ್ತ ಹೋಗೋಣ್ರಿ?” ಎಂದಳು.