ವಾಗ್ವೇದಿಕೆಯ ಹಿಂದೆ ಬಿದ್ದ ಪೆಟ್ಟು

ಮುರಿದ ದವಡೆಗೆ ಪ್ಲೇಟು ಕೂರಿಸಲು ಒಂದೂಮುಕ್ಕಾಲು ಲಕ್ಷ, ಉದುರಿದ ಹಲ್ಲುಗಳನ್ನು ಕಟ್ಟಿಸಲು ಬೇರೆ ಖರ್ಚು ಎಂದು ಆಸ್ಪತ್ರೆಯವರು ಹೇಳಿದ್ದರು. ಆ ಬಾಯಿ ಶನಿವಾರ ಸಂಜೆ ಚರ್ಚೆಯಲ್ಲಿ ಗೆದ್ದಿದ್ದು ಒಂದು ಶಾಲು, ಒಂದು ಸಾವಿರ ರೂಪಾಯಿ.

ಆಸ್ಪತ್ರೆಯಿಂದ ನೇರವಾಗಿ ದಾವಣಗೆರೆಯ ಠಾಣೆಗೆ ದೂರು ತಂದವಳು ಹುಮಾ, ವಿಶ್ವವಿದ್ಯಾಲಯದ ವಾಗ್ವೇದಿಕೆಯ ಕಾರ್ಯದರ್ಶಿ. ವಿಶ್ವವಿದ್ಯಾಲಯ ಇನ್ನೂ ಬರೀ ಪಿ.ಜಿ. ಸೆಂಟರ್ ಆಗಿದ್ದ ಕಾಲದಿಂದ ಒಂದು ವರ್ಷವೂ ತಪ್ಪದೆ ಚರ್ಚಾಸ್ಪರ್ಧೆ ನಡೆಸಿದ ವಿದ್ಯಾರ್ಥಿ ಕೂಟ ಅದು. ಸ್ಪರ್ಧೆ ಗೆದ್ದು ಪೆಟ್ಟು ತಿಂದ ಬಕ್ಕೇಶನ ರಕ್ತ ಅವಳ ದುಪಟ್ಟಾದಲ್ಲಿ ಇನ್ನೂ ಹಸಿಯಾಗಿತ್ತು. ಇನ್‌ಸ್ಪೆಕ್ಟರ್ ಲತಾ ಮೊದಲು ನೀರು ಕುಡಿಸಿ, ಆಮೇಲೆ ದೂರು ಬರೆಸಿಕೊಂಡರು. ಕೊಲೆ ಯತ್ನದ ಸೆಕ್ಷನ್ ಹಾಕಿ ಎಫ್‌ಐಆರ್ ದಾಖಲಾಯಿತು.

ಸಭಾಂಗಣದ ಹಿಂದಿನ ಬೈಕ್ ಸ್ಟ್ಯಾಂಡಿನಲ್ಲಿ ಪಂಚನಾಮೆ. ಗೋಡೆಗೆ ಎದೆಮಟ್ಟ ರಕ್ತ ಚಿಮ್ಮಿತ್ತು. ಬಿದ್ದವನನ್ನೂ ಬಿಡದೆ ಹೊಡೆದಿದ್ದರು, ಅದೂ ಬಾಯಿಗೇ. ಹೆಡ್ ಕಾನ್‌ಸ್ಟೆಬಲ್ ರೌಫ್ ಚರಂಡಿಯಿಂದ ನಟ್ಟು ಬಿಗಿಯುವ ಮೊಳದುದ್ದದ ಕಬ್ಬಿಣದ ಪಾನಾ ಎತ್ತಿದ. ಅದಕ್ಕೆ ಚರ್ಮ ಅಂಟಿತ್ತು.

"ಮೊಬೈಲ್, ಪರ್ಸ್ ಎಲ್ಲಾ ಜೇಬಲ್ಲೇ ಇತ್ತಂತೆ ಮೇಡಂ. ಕಳ್ಳ ಅಲ್ಲ."

"ಕಳ್ಳ ಬಾಯಿ ಯಾಕ ಜಜ್ತಾನೆ ರೌಫ್? ಮಾತಿನ ಮೇಲೆ ಸಿಟ್ಟಿದ್ದೋನ ಕೆಲಸ ಇದು." ಲತಾ ಹುಮಾಳತ್ತ ತಿರುಗಿದರು. "ವಿಷಯ ಏನಿತ್ತಮ್ಮ?"

"ಹರಿಹರದ ಕಾರ್ಖಾನೆ ಮುಚ್ಚಾಕೆ ಕಾರ್ಮಿಕರೇ ಕಾರಣ ಅಂತ. ಬಕ್ಕೇಶ್ ಹೌದು ಅಂದ, ಕೃತಿಕಾ ಅಲ್ಲ ಅಂದ್ಲು."

"ಅವನ ಅಭಿಪ್ರಾಯನೂ ಅದೇನಾ?"

"ಅಯ್ಯೋ ಇಲ್ಲ ಮೇಡಂ! ನಮ್ಮಲ್ಲಿ ಪರದೆ ಹಿಂದೆ ಚೀಟಿ ಎತ್ತಬೇಕು, ಬಂದ ಕಡೆ ವಾದಿಸ್ಬೇಕು. ದೇವರಿಲ್ಲ ಅಂತ ಬಂದ್ರೆ ಪೂಜಾರಿ ಮಗನೂ ಹಂಗೇ ಅನ್ಬೇಕು." ಹುಮಾ ದುಪಟ್ಟಾದ ರಕ್ತದ ತುದಿ ಮಡಚಿಕೊಂಡಳು. "ಈ ಸಲ ನಿಯಮ ಮುರಿದ್ರು. 'ಹೌದು' ಚೀಟಿ ಬಂದಿದ್ದು ಕೃತಿಕಾಗೆ. ಓದಿ ನೋಡಿ 'ನನ್ ಕೈಲಾಗಲ್ಲ' ಅಂದ್ಲು. 'ಕೊಡೇ ಇಲ್ಲಿ, ಬೈಸ್ಕೊಳ್ಳೋದು ನಂಗೆ ರೂಢಿ ಐತೆ' ಅಂತ ಬಕ್ಕೇಶ್ ಬದಲಾಯಿಸ್ಕೊಂಡ. ನಾನು ನೋಡಿನೂ ತಡೀಲಿಲ್ಲ."

"ಯಾಕ ಆಗಲ್ಲ ಅಂದ್ಲು?"

"ಅವಳಪ್ಪ ಅದೇ ಕಾರ್ಖಾನೇಲಿ ಫಿಟ್ಟರ್ ಆಗಿದ್ರು. ಮುಂದಿನ ಸಾಲಲ್ಲೇ ಕೂತಿದ್ರು."

ಗೇಟಿನ ಕ್ಯಾಮೆರಾದಲ್ಲಿ ಕೃತಿಕಾಳ ಅಪ್ಪ ಶಿವಮೂರ್ತಪ್ಪ ಮೊಪೆಡ್ಡಿನ ಚೀಲದಿಂದ ಪಾನಾ ತೆಗೆದು ಸಭಾಂಗಣದ ಹಿಂದಕ್ಕೆ ನಡೆದದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಜೀಪು ದಾರಿಯ ಬಾತಿ ಊರು ದಾಟಿ ಹರಿಹರ ಸೇರುವಾಗ ಭಾನುವಾರದ ಬೆಳಕು ಹರಿದಿತ್ತು. ಶಿವಮೂರ್ತಪ್ಪ ರಕ್ತದ ಅಂಗಿಯಲ್ಲೇ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಓಡಲಿಲ್ಲ.

"ಹೊಡೆದಿದ್ದು ನೀವೇನಾ ಯಜಮಾನ್ರೇ?"

"ಹೌದ್ರಿ. ನಾವು ಕುಡುಕರು, ಕೆಲಸಗಳ್ಳರು ಅಂದ. ಜನ ಚಪ್ಪಾಳೆ ತಟ್ಟಿದ್ರು. ಗೇಟು ಮುಚ್ಚಿದ ವರ್ಷ ಅಲ್ಲೇ ದುಡೀತಿದ್ದ ನನ್ ತಮ್ಮ ಸೂರಪ್ಪ ರೈಲಿಗೆ ತಲೆ ಕೊಟ್ಟ. ಒಂದು ದಿನ ಕುಡಿದೋನಲ್ಲ. ಆ ಬಾಯಿ ಇನ್ನೊಂದು ಸಲ ಹಂಗನ್ನಬಾರ್ದು ಅನ್ನಿಸ್ತು."

ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದ ಕೃತಿಕಾ ಆಗಷ್ಟೇ ಬಸ್ಸಿಳಿದು ಬಂದು ಜೀಪಿನ ಪಕ್ಕ ನಿಂತಿದ್ದಳು.

"ಅಪ್ಪಾಜಿ, ಅವು ಅವನ ಮಾತಲ್ಲ. ಆ ಚೀಟಿ ನಂದು. ನಿಮ್ಮೆದುರಿಗೆ ನಾನು ಹಂಗೆ ಆಡಬಾರ್ದು ಅಂತ ಅವನು ಇಸ್ಕೊಂಡ."

ಶಿವಮೂರ್ತಪ್ಪ ಲತಾರ ಮುಖ ನೋಡಿದ. "ಮನಸ್ಸಲ್ಲಿ ಇಲ್ಲದ್ದನ್ನ ಯಾರಾದ್ರೂ ಅಷ್ಟು ಚೆಂದ ಆಡ್ತಾರೇನ್ರಿ?"

"ಅದನ್ನ ಕಲೀಲಿ ಅಂತಾನೇ ಮಗಳನ್ನ ಅಲ್ಲಿಗೆ ಕಳಿಸಿದ್ರಲ್ಲ," ಎಂದರು ಲತಾ. "ಹತ್ರಿ."

ರೌಫ್ ಅವನ ರಟ್ಟೆ ಹಿಡಿದು ಜೀಪು ಹತ್ತಿಸಿದ.

ಸತ್ತ ತಮ್ಮನ ಮಾನ ಕಾಯಲು ಹೋಗಿ ಹೊಡೆದೆನೆಂದು ಶಿವಮೂರ್ತಪ್ಪನ ಹೇಳಿಕೆಯಲ್ಲಿ ಸೇರಿತು. ಬಕ್ಕೇಶನ ಜೀವ ಉಳಿಯಿತು. ನಾಲಿಗೆಯ ನರ ಕತ್ತರಿಸಿದ್ದರಿಂದ ಅವನ ಮಾತು ಇನ್ನು ತಿಳಿಯುವಂತೆ ಬರುವುದಿಲ್ಲ ಎಂದು ವೈದ್ಯರು ಬರೆದುಕೊಟ್ಟರು.